ದುರ್ಗದ ಕಥೆ ಹಾಡಿದ ಕಂಠ

ಚಿತ್ರದುರ್ಗದ ಏಳುಸುತ್ತಿನ ಕೋಟೆಯನ್ನು ನೋಡಹೋದವರು ಓಬವ್ವನ ಕಿಂಡಿಯನ್ನು ಕಾಣದೆ ಹಿಂದಿರುಗುವುದಿಲ್ಲ. ಒಬ್ಬೊಬ್ಬರಾಗಿ ಮಾತ್ರ ನುಸುಳಬಹುದಾದ ಆ ಕಲ್ಲಿನ ಸಂದಿಯ ಬಳಿ ನಿಂತು, ಹೈದರಾಲಿಯ ಸೈನಿಕರನ್ನು ಒನಕೆಯಿಂದ ಕೆಡವಿದ ಕಾವಲುಗಾರನ ಮಡದಿಯನ್ನು ನೆನೆಯುವಾಗ, ಕನ್ನಡಿಗರ ಕಿವಿಯಲ್ಲಿ ಹಾಡೊಂದು ತಾನಾಗಿ ಮೊಳಗುತ್ತದೆ. ಅದು 1972ರಲ್ಲಿ ತೆರೆಕಂಡ ‘ನಾಗರಹಾವು’ ಚಿತ್ರದ ಹಾಡು. ಓಬವ್ವನನ್ನು ಇತಿಹಾಸದ ಹೊತ್ತಗೆಯಿಂದ ಅರಿತವರಿಗಿಂತ ಆ ಹಾಡಿನಿಂದ ಅರಿತವರೇ ಹೆಚ್ಚೆಂದರೆ ತಪ್ಪಾಗಲಾರದು. ದುರ್ಗದ ವೀರಗಾಥೆಯನ್ನು ಮನೆಮನೆಗೆ ಮುಟ್ಟಿಸಿದ ಆ ಕಂಠದ ಒಡೆಯರಾದರೋ ದುರ್ಗದವರಲ್ಲ. ಅವರ ಮನೆಮಾತು ಕನ್ನಡವೂ ಅಲ್ಲ. ಅವರೇ ಪಿ. ಬಿ. ಶ್ರೀನಿವಾಸ್.

ಶ್ರೀನಿವಾಸ್ ಹುಟ್ಟಿದ್ದು ಆಂಧ್ರದ ಕಾಕಿನಾಡದಲ್ಲಿ, 1930ರ ಸೆಪ್ಟೆಂಬರ್ 22ರಂದು. ಹೆಸರಿನ ಮೊದಲೆರಡು ಅಕ್ಷರಗಳ ವಿಸ್ತಾರ ‘ಪ್ರತಿವಾದಿ ಭಯಂಕರ’. ವಾದದಲ್ಲಿ ಎದುರಾಳಿಗಳನ್ನು ನಡುಗಿಸಿದ ವೈಷ್ಣವ ಪಂಡಿತರೊಬ್ಬರಿಗೆ ಸಂದ ಬಿರುದು ಅದು. ವೆಂಕಟೇಶ ಸುಪ್ರಭಾತದ ಕರ್ತೃಗಳೆಂದು ಪ್ರಸಿದ್ಧರಾದವರೂ ಅವರೇ. ಆ ಮನೆತನದ ಹೆಸರನ್ನು ಹೊತ್ತ ಮಗನಿಗೆ ದೊರೆತದ್ದು ಮಾತ್ರ ಯಾರನ್ನೂ ನಡುಗಿಸದ, ಎಲ್ಲರನ್ನೂ ಸಂತೈಸುವ ಮೆಲುದನಿ. ಹುಡುಗ ಓದಿ ಸರ್ಕಾರಿ ನೌಕರಿ ಹಿಡಿಯಲೆಂಬುದು ತಂದೆಯವರ ಬಯಕೆ. ಮಗ ಬಿ.ಕಾಂ. ಪದವಿಯನ್ನೇನೋ ಪಡೆದರು, ಆದರೆ ಹೊರಟದ್ದು ಕಚೇರಿಗಲ್ಲ, ಮದರಾಸಿನ ಜೆಮಿನಿ ಸ್ಟುಡಿಯೋಗೆ. ಅಲ್ಲಿ ವೀಣಾ ವಿದ್ವಾಂಸ ಈಮನಿ ಶಂಕರಶಾಸ್ತ್ರಿಗಳ ಆಶ್ರಯ ದೊರೆಯಿತು. ಮೈಸೂರಿನ ಆರ್. ಕೆ. ನಾರಾಯಣರ ಕಾದಂಬರಿಯನ್ನು ಆಧರಿಸಿ ಜೆಮಿನಿಯವರು ಹಿಂದಿಯಲ್ಲಿ ತಯಾರಿಸಿದ ‘ಮಿಸ್ಟರ್ ಸಂಪತ್’ ಚಿತ್ರದಲ್ಲಿ, 1952ರಲ್ಲಿ, ಅವರ ದನಿ ಮೊದಲಿಗೆ ಕೇಳಿಸಿತು. ಮರುವರ್ಷವೇ ‘ಜಾತಕಫಲ’ದ ಮೂಲಕ ಕನ್ನಡಕ್ಕೂ ಬಂದರು.

ಆಗ ಕನ್ನಡ ಚಿತ್ರಗಳು ಬಹುಮಟ್ಟಿಗೆ ರೂಪುಗೊಳ್ಳುತ್ತಿದ್ದುದು ಮದರಾಸಿನಲ್ಲಿಯೇ. ದಕ್ಷಿಣದ ನಾಲ್ಕೂ ಭಾಷೆಗಳಿಗೆ ಒಂದೇ ನಗರ ತವರಾಗಿದ್ದುದರಿಂದ, ಬೆಳಗ್ಗೆ ತೆಲುಗಿನಲ್ಲಿ ಹಾಡಿದ ಗಾಯಕ ಸಂಜೆ ಕನ್ನಡದಲ್ಲಿ ಹಾಡುವುದು ಸೋಜಿಗದ ಸಂಗತಿಯಾಗಿರಲಿಲ್ಲ. ತಮಿಳಿನಲ್ಲಿ ಜೆಮಿನಿ ಗಣೇಶನ್ ಅವರಿಗೆ ಶ್ರೀನಿವಾಸ್ ಕಂಠವೇ ಕಂಠವಾಯಿತು. ಕನ್ನಡದಲ್ಲಿ ಅವರಿಗಾಗಿ ಕಾದಿದ್ದ ಮುಖ ಬೇರೊಂದು.

1954ರ ‘ಬೇಡರ ಕಣ್ಣಪ್ಪ’ದಲ್ಲಿ ರಾಜ್‌ಕುಮಾರ್ ಅವರಿಗೆ ಹಾಡಿದವರು ಸಿ. ಎಸ್. ಜಯರಾಮನ್. 1960ರ ‘ಭಕ್ತ ಕನಕದಾಸ’ದಲ್ಲಿ ಶ್ರೀನಿವಾಸ್ ಅವರು ಕನಕನ ಕೀರ್ತನೆಯನ್ನು ಹಾಡಿದಾಗ, ನಟನ ಮುಖಕ್ಕೂ ಗಾಯಕನ ದನಿಗೂ ನಡುವೆ ಗೆರೆಯೆಳೆಯಲು ಪ್ರೇಕ್ಷಕರಿಗೆ ಆಗಲಿಲ್ಲ. ಇಲ್ಲಿ ಒಂದು ವೈಚಿತ್ರ್ಯವುಂಟು. ಗುಬ್ಬಿ ವೀರಣ್ಣನವರ ಕಂಪನಿಯಲ್ಲಿ ಪಳಗಿದ ರಾಜ್‌ಕುಮಾರ್ ಸ್ವತಃ ಹಾಡಬಲ್ಲವರು. 1959ರ ‘ಮಹಿಷಾಸುರ ಮರ್ದಿನಿ’ಯಲ್ಲಿ ಎಸ್. ಜಾನಕಿಯವರೊಡನೆ ಒಂದು ಯುಗಳಗೀತೆಯನ್ನು ಹಾಡಿಯೂ ಇದ್ದರು. ಹಾಡುಬಲ್ಲ ನಟ ಹಲವು ವರ್ಷ ಇನ್ನೊಬ್ಬರ ದನಿಗೆ ತುಟಿಯಾಡಿಸಿದರು. ತಾವು ಶರೀರ, ಶ್ರೀನಿವಾಸ್ ಶಾರೀರ ಎಂದು ಅವರು ಹೇಳುತ್ತಿದ್ದುದು ಬರಿಯ ಉಪಚಾರದ ಮಾತಲ್ಲ.

ಹಿನ್ನೆಲೆ ಗಾಯನದ ಕಷ್ಟವನ್ನು ಇಲ್ಲಿ ನೆನೆಯಬೇಕು. ಆ ದಿನಗಳಲ್ಲಿ ವಾದ್ಯವೃಂದದವರೂ ಗಾಯಕರೂ ಒಟ್ಟಿಗೆ ನಿಂತು ಹಾಡನ್ನು ಮುದ್ರಿಸುತ್ತಿದ್ದರು. ಒಬ್ಬರು ತಪ್ಪಿದರೆ ಎಲ್ಲರೂ ಮೊದಲಿನಿಂದ ಆರಂಭಿಸಬೇಕು. ಕಥೆಯಲ್ಲಿ ಅಳುವವನು ಯಾರೋ, ನಗುವವನು ಯಾರೋ; ಅವನ ಅಳುನಗೆಗಳನ್ನು ಧ್ವನಿವರ್ಧಕದ ಮುಂದೆ ನಿಂತ ಗಾಯಕ ಊಹಿಸಿಕೊಳ್ಳಬೇಕು. 1964ರ ‘ನಾಂದಿ’ ಕಿವುಡು-ಮೂಕರ ಬಾಳನ್ನು ವಸ್ತುವಾಗಿ ಉಳ್ಳ ಚಿತ್ರ. ಅದರಲ್ಲಿ ಮಗುವಿಗೆಂದು ತಂದೆ ಹಾಡುವ ಗೀತೆಯನ್ನು ಶ್ರೀನಿವಾಸ್ ಒಂದು ತೊಟ್ಟೂ ಕಣ್ಣೀರು ತುಳುಕದಂತೆ ಹಾಡಿದ್ದಾರೆ. ಆದುದರಿಂದಲೇ ಕೇಳುವವರ ಕಣ್ಣು ತುಂಬುತ್ತದೆ. 1971ರ ‘ಕಸ್ತೂರಿ ನಿವಾಸ’ದ ಬೊಂಬೆಯ ಹಾಡು, 1973ರ ‘ಗಂಧದ ಗುಡಿ’ಯಲ್ಲಿ ನಾಡಿನ ಚೆಲುವನ್ನು ಬಣ್ಣಿಸುವ ಹಾಡು ಇಂದಿಗೂ ಮಾಸಿಲ್ಲ. ಕನ್ನಡವನ್ನು ಕಲಿತು ಆಡಿದವರು ಅವರು. ಹುಟ್ಟು ಕನ್ನಡಿಗರೂ ನಾಚುವಂತೆ ಒತ್ತಕ್ಷರ, ಮಹಾಪ್ರಾಣಗಳನ್ನು ಸ್ವಚ್ಛವಾಗಿ ನುಡಿದವರು.

ದುರ್ಗದ ಹಾಡು ಬಂದದ್ದು ಈ ಏರುಗಾಲದಲ್ಲಿ. ತ. ರಾ. ಸುಬ್ಬರಾಯರ ಕಾದಂಬರಿಗಳನ್ನು ಆಧರಿಸಿ ಪುಟ್ಟಣ್ಣ ಕಣಗಾಲರು ‘ನಾಗರಹಾವು’ ಚಿತ್ರವನ್ನು ದುರ್ಗದ ಬಂಡೆಗಳ ನಡುವೆಯೇ ಚಿತ್ರೀಕರಿಸಿದರು. ಸಂಗೀತ ವಿಜಯಭಾಸ್ಕರರದು. ಓಬವ್ವನಾಗಿ ಜಯಂತಿಯವರು ಒನಕೆ ಹಿಡಿದರು. ಶ್ರೀನಿವಾಸ್ ಲಾವಣಿಕಾರನ ಸ್ಥಾನದಲ್ಲಿ ನಿಂತು ಕಥೆ ಹೇಳಿದರು. ಮೆಲುದನಿಯವರಿಗೆ ವೀರರಸ ಒಗ್ಗದೆಂಬ ಮಾತು ಅಂದಿಗೆ ಸುಳ್ಳಾಯಿತು. ಅದೇ ಚಿತ್ರದಲ್ಲಿ ಹೊಸ ನಾಯಕ ವಿಷ್ಣುವರ್ಧನ್ ಅವರಿಗಾಗಿ ಪ್ರೇಮಗೀತೆಯನ್ನೂ ಹಾಡಿದರು. ಆದರೆ ಅದೇ ನಾಯಕನ ರೋಷದ ಹಾಡು ಹೋದದ್ದು ಎಸ್. ಪಿ. ಬಾಲಸುಬ್ರಹ್ಮಣ್ಯಂ ಎಂಬ ತರುಣನಿಗೆ. ಇಳಿಯಲಿದ್ದ ಹೊತ್ತೂ ಏರಲಿದ್ದ ಹೊತ್ತೂ ಒಂದೇ ಕೋಟೆಯಲ್ಲಿ ಸಂಧಿಸಿದ್ದವು.

ಎರಡು ವರ್ಷಗಳಲ್ಲಿ ಗಾಳಿ ತಿರುಗಿತು. 1974ರ ‘ಸಂಪತ್ತಿಗೆ ಸವಾಲ್’ ಚಿತ್ರಕ್ಕಾಗಿ, ಜಿ. ಕೆ. ವೆಂಕಟೇಶರ ಸಂಗೀತದಲ್ಲಿ, ರಾಜ್‌ಕುಮಾರ್ ಎಮ್ಮೆಯ ಮೇಲೆ ಕುಳಿತು ಹಾಡುವ ಹಾಡನ್ನು ತಾವೇ ಹಾಡಿದರು. ನಾಡು ಹುಚ್ಚೆದ್ದು ಮೆಚ್ಚಿತು. ಅಲ್ಲಿಂದ ಮುಂದೆ ನಟನ ಹಾಡು ನಟನದೇ ಆಯಿತು. 1992ರ ‘ಜೀವನ ಚೈತ್ರ’ದ ಹಾಡಿಗೆ ಅವರು ಗಾಯನದ ರಾಷ್ಟ್ರಪ್ರಶಸ್ತಿಯನ್ನೂ ಪಡೆದರು. ನಾಲ್ವತ್ತನಾಲ್ಕರ ಹರೆಯದಲ್ಲಿ, ಕಂಠ ಇನ್ನೂ ಕುಗ್ಗದಿರುವಾಗಲೇ, ಶ್ರೀನಿವಾಸ್ ಅವರ ಪಾಲಿನ ಹಾಡುಗಳು ವಿರಳವಾದವು.

ಇಂತಹ ಹೊತ್ತಿನಲ್ಲಿ ಮನುಷ್ಯನ ನಿಜವಾದ ಶ್ರುತಿ ತಿಳಿಯುವುದು. ಅವರು ಕಹಿಯನ್ನು ನುಂಗಿದರೆನ್ನುವುದಕ್ಕಿಂತ, ಬೇರೆ ಕೆಲಸವನ್ನು ಕೈಗೆತ್ತಿಕೊಂಡರೆನ್ನುವುದು ಸರಿ. ತೆಲುಗು, ಕನ್ನಡ, ತಮಿಳು, ಮಲಯಾಳ, ಹಿಂದಿ, ಉರ್ದು, ಸಂಸ್ಕೃತ, ಇಂಗ್ಲಿಷ್, ಹೀಗೆ ಎಂಟು ಭಾಷೆಗಳಲ್ಲಿ ಕವಿತೆ ಕಟ್ಟಿದರು. 1969ರಲ್ಲಿ ಮಾನವ ಚಂದ್ರನ ಮೇಲೆ ಕಾಲಿಟ್ಟಾಗಲೇ ಇಂಗ್ಲಿಷಿನಲ್ಲಿ ಗೀತೆ ರಚಿಸಿ, ಜಾನಕಿಯವರೊಡನೆ ಹಾಡಿ, ಧ್ವನಿಮುದ್ರಿಕೆಯನ್ನು ಅಮೆರಿಕದ ಅಧ್ಯಕ್ಷ ನಿಕ್ಸನ್ನರಿಗೂ ಆರ್ಮ್‌ಸ್ಟ್ರಾಂಗರಿಗೂ ಕಳುಹಿಸಿದ್ದ ಉತ್ಸಾಹಿ ಅವರು. ತಲೆಗೆ ಟೋಪಿ, ಜೇಬಿನಲ್ಲಿ ಬಣ್ಣಬಣ್ಣದ ಲೇಖನಿಗಳು, ಕೈಯಲ್ಲಿ ಕಾಗದದ ಕಟ್ಟು: ಚೆನ್ನೈಯ ವುಡ್‌ಲ್ಯಾಂಡ್ಸ್ ಡ್ರೈವ್-ಇನ್ ಹೋಟೆಲಿನಲ್ಲಿ ಕಾಫಿಯ ಬಟ್ಟಲನ್ನು ಮುಂದಿಟ್ಟುಕೊಂಡು ಬರೆಯುತ್ತ ಕುಳಿತ ಅವರನ್ನು ಕಾಣಲು ಅಭಿಮಾನಿಗಳು ಹುಡುಕಬೇಕಾಗಿರಲಿಲ್ಲ. 2008ರಲ್ಲಿ ಆ ಹೋಟೆಲು ಮುಚ್ಚಿತು. 2013ರ ಏಪ್ರಿಲ್ 14ರಂದು, ಎಂಬತ್ತೆರಡರ ವಯಸ್ಸಿನಲ್ಲಿ, ಶ್ರೀನಿವಾಸ್ ಕಣ್ಮುಚ್ಚಿದರು.

ಪರರಿಗೆ ಕೊಟ್ಟ ದನಿಯಲ್ಲಿ ತನ್ನದೆಂಬುದು ಎಷ್ಟು ಉಳಿಯುತ್ತದೆ? ನಟನು ಒಂದು ದಿನ ತನ್ನ ದನಿಯನ್ನು ತಾನೇ ತೆಗೆದುಕೊಂಡಾಗ, ಗಾಯಕನ ಕೈ ಬರಿದಾಯಿತೆಂದು ತೋರಬಹುದು. ಆದರೆ ಓಬವ್ವನ ಹಾಡಿನಲ್ಲಿ ಅವರು ಯಾವ ನಾಯಕನ ತುಟಿಗೂ ದನಿ ಕೊಟ್ಟವರಲ್ಲ. ಅಲ್ಲಿ ಕಥೆ ಹೇಳುವವರು ಅವರೇ. ನಾಯಕನಟರ ನೆರಳಿನಲ್ಲಿ ಬಾಳಿದ ಆ ಕಂಠಕ್ಕೆ ದುರ್ಗದ ಬಂಡೆಗಳ ನಡುವೆ ತನ್ನದೇ ಆದ ಒಂದು ನೆಲೆ ದಕ್ಕಿದೆ.