ಒಂಟಿಯಾಗಿ ಬಂದವಳ ಸಂಜೆ

ಮಗಳು ಬೆಂಗಳೂರಿಗೆ ಹೊರಟಳೆಂದರೆ ಹೆತ್ತವರು ಮೊದಲು ಕೇಳುವುದು, "ಜೊತೆಗೆ ಯಾರು?" ಎಂದು. ವಾತ್ಸಲ್ಯದಿಂದ ಹುಟ್ಟಿದ ಪ್ರಶ್ನೆಯೇ ಸರಿ. ಆದರೆ ಜೊತೆ ದೊರೆಯಲಿಲ್ಲವೆಂದು ಕೆಲಸ ಮುಗಿದೊಡನೆ ಕೊಠಡಿಯ ಕದವಿಕ್ಕಿ ಕುಳಿತಿರುವುದು ಉಚಿತವೆಂದು ನನಗೆ ತೋರುವುದಿಲ್ಲ.

ನಗರದ ದಕ್ಷಿಣ ಭಾಗವನ್ನೇ ನೋಡಿರಿ. ಲಾಲ್‌ಬಾಗ್, ಜಯನಗರ, ಬನಶಂಕರಿಗಳನ್ನು ಮೆಟ್ರೋ ರೈಲು 2017ರಲ್ಲಿ ಒಂದೇ ಹಾದಿಯಲ್ಲಿ ಕೂಡಿಸಿತು. ಬೆಳಿಗ್ಗೆ ಲಾಲ್‌ಬಾಗಿನ ಬಂಡೆಯನ್ನೇರಬಹುದು; ಮಧ್ಯಾಹ್ನ ಜಯನಗರದ ನಾಲ್ಕನೆಯ ಬ್ಲಾಕಿನಲ್ಲಿ ಏನನ್ನೂ ಕೊಳ್ಳದೆಯೇ ಅಂಗಡಿಗಳನ್ನು ಸುತ್ತಬಹುದು. (ಕೊಳ್ಳದೆ ಹಿಂದಿರುಗಿದವರನ್ನು ನಾನಂತೂ ಕಂಡಿಲ್ಲ!)

ಸಂಜೆಗೆ ಮಾತ್ರ, ಸಹೋದರಿಯರೇ, ಜೆ.ಪಿ. ನಗರದ ರಂಗಶಂಕರಕ್ಕೆ ಹೋಗಿರೆಂದು ನನ್ನ ಬಿನ್ನಹ. ಶಂಕರ್ ನಾಗ್ ಅವರ ಸ್ಮರಣಾರ್ಥವಾಗಿ ಅರುಂಧತಿ ನಾಗ್ ಅವರು ಮುಂದೆ ನಿಂತು ಕಟ್ಟಿಸಿದ ಈ ನಾಟಕಶಾಲೆಯು 2004ರಲ್ಲಿ ತೆರೆಯಿತು. ಆಟ ಆರಂಭವಾದ ಮೇಲೆ ಎಂಥವರಿಗೂ ಪ್ರವೇಶವಿಲ್ಲ. ಆ ನಿಷ್ಠುರತೆ ನನಗೆ ಮೆಚ್ಚುಗೆ. ದೀಪಗಳಾರಿದ ಬಳಿಕ ಒಂಟಿಯಾಗಿ ಬಂದವಳೂ ಕುಟುಂಬದೊಡನೆ ಬಂದವಳೂ ಸಮಾನರಾದ ಪ್ರೇಕ್ಷಕರು. ತಂದೆತಾಯಿಗಳು "ಯಾವ ನಾಟಕ?" ಎಂದು ಕೇಳುವ ಕಾಲ ಬಂದರೆ ಎಷ್ಟು ಚೆನ್ನು!

ಮರಳುವ ಚಿಂತೆ ಸುಳ್ಳಲ್ಲ. ರಾತ್ರಿ ಆಟ ಬಿಡುವಾಗ ಹೊತ್ತಾಗಿರುತ್ತದೆ, ಮೆಟ್ರೋ ನಿಲ್ದಾಣವೂ ಪಕ್ಕದಲ್ಲಿಲ್ಲ. ವಾಹನವನ್ನು ಮುಂಚೆಯೇ ಗೊತ್ತುಮಾಡಿಕೊಂಡು, ಅದರ ಸಂಖ್ಯೆಯನ್ನು ಮನೆಗೆ ತಿಳಿಸಿ ಹತ್ತಿರಿ. ಹಗಲಿನ ಆಟ ಇರುವ ದಿನವಾದರೆ ಈ ತೊಡಕೂ ಇಲ್ಲ.