ಗ್ಯಾರೇಜಿಗೆ ಕನ್ನಡ ಬೇಡವೇ?

ಕನ್ನಡದ ಹುಡುಗರೇ, ಬೋರ್ಡಿನಲ್ಲಿ ಕನ್ನಡ ಬೇಕೆಂದು ಬೀದಿಗಿಳಿದಿದ್ದೀರಿ. ಕಾವೇರಿಗಾಗಿ ಗಂಟಲು ಹರಿದುಕೊಂಡಿದ್ದೀರಿ. ಸಂತೋಷ. ಈಗ ಒಂದು ಸಲ ಕಲಾಸಿಪಾಳ್ಯದ ಕಡೆ ನಡೆಯಿರಿ. ಅಲ್ಲಿ ಗಾಡಿಯಡಿ ಮಲಗಿ ನಟ್ಟು ಬಿಚ್ಚುತ್ತಿರುವ ಹುಡುಗನಿಗೆ ಕನ್ನಡ ಬೇಡವೇ?

ಅಂಗಡಿಯಲ್ಲಿ ‘ಬ್ರೇಕ್ ಆಯಿಲ್’ ಕೇಳಿ, ಕೊಡುತ್ತಾರೆ. ಅದು ಎಣ್ಣೆಯೇ ಅಲ್ಲ! ಬಾಟಲಿಯ ಮೇಲೆ ಇಂಗ್ಲಿಷಿನಲ್ಲಿ ‘ಫ್ಲೂಯಿಡ್’ ಎಂದಿರುತ್ತದೆ. ಅದನ್ನು ಓದಲಾರದ ಹುಡುಗ ‘ಆಯಿಲ್’ ಎಂಬ ಮಾತನ್ನೇ ನಂಬಿ ಎಂಜಿನ್ ಆಯಿಲ್ ಸುರಿದರೆ ಒಳಗಿನ ರಬ್ಬರ್ ಸೀಲುಗಳು ಊದಿಕೊಳ್ಳುತ್ತವೆ. ಬ್ರೇಕು ಕೈಕೊಡುತ್ತದೆ. ಇನ್ನೊಂದು ಕೇಳಿ. ಡಾಟ್ 3 ದ್ರವ ಹೊಸದಿದ್ದಾಗ 205 ಡಿಗ್ರಿಯವರೆಗೆ ಕುದಿಯದು. ಗಾಳಿಯ ತೇವ ಹೀರಿ ಹಳತಾದರೆ 140 ಡಿಗ್ರಿಗೇ ಕುದಿಯಬಹುದು. ಶಿರಾಡಿ ಘಾಟಿ ಇಳಿಯುವಾಗ ಪೈಪಿನಲ್ಲಿ ಆವಿ ತುಂಬಿ ಪೆಡಲು ನೆಲಕಚ್ಚಿದರೆ ಸಾಯುವವರು ಯಾರು? ಬಾಟಲಿ ಮಾರಿದವರೇ?

ಇಂಥ ಕೆಲಸ ಕನ್ನಡದಲ್ಲಿ ಹೇಳಲಾಗದು ಎನ್ನುವ ಮಹಾಶಯರಿದ್ದಾರೆ. ದೊಡ್ಡ ಲಾರಿಯ ಗಾಳಿ ಬ್ರೇಕಿನ ಮಾತು ಬೇರೆ. ತರಕಾರಿ, ಹಾಲು ಹೊರುವ ಸಣ್ಣ ಲಾರಿಯ ಮುಂದಿನ ಡಿಸ್ಕ್ ಬ್ರೇಕನ್ನೇ ತೆಗೆದುಕೊಳ್ಳಿ.

ಹಿಂದಿನ ಚಕ್ರಕ್ಕೆ ಕಲ್ಲು ಕೊಡಿ. ಚಕ್ರ ನೆಲದ ಮೇಲಿರುವಾಗಲೇ ನಟ್ಟು ಸಡಿಲಿಸಿ. ಜಾಕಿನಿಂದ ಎತ್ತಿ ಸ್ಟ್ಯಾಂಡು ಕೊಡಿ. ಬರೀ ಜಾಕನ್ನು ನಂಬಿ ಕೆಳಗೆ ತೂರಬೇಡಿ. ಚಕ್ರ ತೆಗೆದು, ಕ್ಯಾಲಿಪರಿನ ಹಿಂದಿನ ಎರಡು ಬೋಲ್ಟು ಬಿಚ್ಚಿ. ಕ್ಯಾಲಿಪರನ್ನು ತಂತಿಯಲ್ಲಿ ಕಟ್ಟಿ ತೂಗುಹಾಕಿ. ಹೋಸಿನಲ್ಲೇ ಜೋತುಬಿಟ್ಟರೆ ಹೋಸು ಒಳಗೇ ಹರಿಯಬಹುದು. ಪ್ಯಾಡು ಓರೆಯಾಗಿ ಸವೆದಿದೆಯೇ? ಜಾರುವ ಪಿನ್ನು ತುಕ್ಕು ಹಿಡಿದಿರಬಹುದು. ಒರೆಸಿ, ಬ್ರೇಕಿಗೆಂದೇ ಇರುವ ಗ್ರೀಸು ಹಚ್ಚಿ. ಪಿಸ್ಟನ್ನಿನ ಬಳಿ ದ್ರವ ಒಸರುತ್ತಿದ್ದರೆ ಸೀಲು ಬದಲಿಸಿ. ಸೀಲನ್ನು ಪೆಟ್ರೋಲಿನಲ್ಲಿ ತೊಳೆಯಲೇಬೇಡಿ. ಹೊಸ ಪ್ಯಾಡು ಕೂರಲು ಪಿಸ್ಟನ್ನನ್ನು ನಿಧಾನವಾಗಿ ಒಳಕ್ಕೆ ಒತ್ತಿ. ಮೇಲಿನ ಡಬ್ಬಿಯಲ್ಲಿ ದ್ರವ ಉಕ್ಕದಂತೆ ನೋಡಿಕೊಳ್ಳಿ. ಜೋಡಿಸಿದ ಮೇಲೆ ಬೋಲ್ಟನ್ನು ಕಂಪನಿ ಹೇಳಿದಷ್ಟೇ ಬಿಗಿ ಮಾಡಿ. ಹೋಸು ಬಿಚ್ಚಿದ್ದರೆ ಗಾಳಿ ತೆಗೆಯಿರಿ. ಗಾಡಿ ಕದಲಿಸುವ ಮುಂಚೆ ಪೆಡಲು ಗಟ್ಟಿಯಾಗುವವರೆಗೆ ತುಳಿಯಿರಿ.

ಇಷ್ಟೇ. ಎಲ್ಲಿ ಅರ್ಥವಾಗಲಿಲ್ಲ, ಹೇಳಿ?

ಕನ್ನಡ ಮಾಡುವುದೆಂದರೆ ಕ್ಯಾಲಿಪರಿಗೆ ನಾಲಿಗೆ ಹೊರಳದ ಸಂಸ್ಕೃತ ಹೆಸರಿಡುವುದಲ್ಲ. ನಟ್ಟು, ಬೋಲ್ಟು, ಪಿನ್ನು ಎಂದೋ ಕನ್ನಡವಾಗಿವೆ. ಬೇಕಾಗಿರುವುದು ಎಚ್ಚರಿಕೆಯ ಮಾತು ಕನ್ನಡದಲ್ಲಿ ಕಣ್ಣಿಗೆ ಬೀಳುವುದು. 1963ರಲ್ಲೇ ರಾಜಭಾಷಾ ಕಾಯಿದೆ ಬಂತು. ವಿಧಾನಸೌಧದ ಕಡತಕ್ಕೆ ಕನ್ನಡ ಬಂದರೆ ಸಾಕೇ? ಕರ್ನಾಟಕದಲ್ಲಿ ಗಾಡಿ ಮಾರಿ ದುಡ್ಡು ಎಣಿಸುವ ಕಂಪನಿಗಳು ಸರ್ವಿಸ್ ಪುಸ್ತಕವನ್ನು ಕನ್ನಡದಲ್ಲಿ ಕೊಡಲಿ. ಬ್ರೇಕ್ ದ್ರವದ ಪ್ರತಿ ಬಾಟಲಿಯ ಮೇಲೂ ಕನ್ನಡದ ಎಚ್ಚರಿಕೆ ಇರಲಿ. ಐಟಿಐ ಹುಡುಗನಿಗೆ ಕನ್ನಡದಲ್ಲಿ ಕಲಿತು ಕನ್ನಡದಲ್ಲೇ ಪರೀಕ್ಷೆ ಬರೆಯುವ ಹಕ್ಕಿರಲಿ. ಇದು ಭಿಕ್ಷೆಯಲ್ಲ, ಜೀವದ ಪ್ರಶ್ನೆ!

ಸರ್ಕಾರ ಮಾಡಲಿ ಎಂದು ನೀವು ಕೈಕಟ್ಟಿ ಕೂರಬೇಡಿ. ಇಂಗ್ಲಿಷು ಓದಿದ ನೀವು ಒಂದು ಸರ್ವಿಸ್ ಪುಸ್ತಕದ ಬ್ರೇಕಿನ ಪುಟಗಳನ್ನು ಕನ್ನಡಕ್ಕಿಳಿಸಿ. ನಿಮ್ಮ ಬೀದಿಯ ಮೇಸ್ತ್ರಿಯ ಮುಂದೆ ಓದಿ, ಅವರು ತಿದ್ದಿದ್ದನ್ನು ತಿದ್ದಿಕೊಳ್ಳಿ. ಮುಂದಿನ ನವೆಂಬರ್ 1ರಂದು ಬಾವುಟ ಕಟ್ಟುವ ಮುಂಚೆ ಆ ಹಾಳೆ ಗ್ಯಾರೇಜಿನ ಗೋಡೆಯ ಮೇಲಿರಲಿ.