ಮೇಲ್ವಿಚಾರಕರಿಲ್ಲದ ಪರೀಕ್ಷೆ

ಕೆಲವು ತಿಂಗಳ ಹಿಂದೆ ಮೈಸೂರಿನಲ್ಲೊಂದು ಮದುವೆ. ತಂಗಿಯ ಮಗ ತನ್ನ ಕಾರಿನಲ್ಲಿ ಬೆಂಗಳೂರಿನಿಂದ ನನ್ನನ್ನು ಕರೆದೊಯ್ದ. ಹೊರಡುವಾಗಲೇ ತಡವಾಗಿತ್ತು, ಕನ್ನಡಕ ಹುಡುಕುತ್ತ ಕಾಲು ಗಂಟೆ ಕಳೆದವನು ನಾನೇ. ಮುಹೂರ್ತ ತಪ್ಪಲಿಲ್ಲ. ಅಕ್ಷತೆ ಹಾಕಿ, ಊಟ ಮುಗಿಸಿ, ಸಂಜೆಗೆ ಹಿಂದಿರುಗಿದೆವು. ಕೆಲವು ದಿನಗಳ ಬಳಿಕ ಅವನ ಕರೆ ಬಂತು.

"ಮಾವ, ನೂರು ದಾಟಬಾರದ ಕಡೆ ನೂರಿಪ್ಪತ್ತಾರರಲ್ಲಿ ಹೋಗಿದ್ದೆನಂತೆ. ಸಾವಿರ ರೂಪಾಯಿ ದಂಡ. ಫೋಟೋ ಬೇರೆ ತೆಗೆದಿದ್ದಾರೆ, ಅದರಲ್ಲಿ ನೀವೂ ಇದ್ದೀರಿ. ಇದೆಲ್ಲ ಸರ್ಕಾರ ದುಡ್ಡು ಮಾಡೋ ದಾರಿ ಅಷ್ಟೆ."

ಚಿತ್ರ ನೋಡಿದೆ. ಚಾಲಕನ ಪಕ್ಕದಲ್ಲಿ ಬಿಳಿ ತಲೆಯೊಂದು ಕಾಣುತ್ತಿತ್ತು. ಮೂವತ್ತು ವರ್ಷಕ್ಕೂ ಮಿಗಿಲಾಗಿ ಮಕ್ಕಳಿಗೆ ವಿಜ್ಞಾನ ಕಲಿಸಿದವನು, ವೇಗಸೂಚಕದ ಮುಳ್ಳು ಕಣ್ಣೆದುರಿಗಿದ್ದರೂ ತುಟಿ ಬಿಚ್ಚದೆ ಕುಳಿತಿದ್ದ. ಆ ನಾಚಿಕೆಯೇ ಈ ಬರಹಕ್ಕೆ ಕಾರಣ.

ಈ ಕ್ಯಾಮೆರಾ ವೇಗವನ್ನು ಅಳೆಯುವುದು ಹೇಗೆ? ನನ್ನ ವಿದ್ಯಾರ್ಥಿಗಳಿಗೆ ಡಾಪ್ಲರ್ ಪರಿಣಾಮದ ಪಾಠ ನೆನಪಿರಬಹುದು. ರೈಲು ನಮ್ಮತ್ತ ಬರುವಾಗ ಅದರ ಶಿಳ್ಳೆ ಏರುಸ್ವರದಲ್ಲಿಯೂ, ನಮ್ಮನ್ನು ದಾಟಿದೊಡನೆ ಇಳಿಸ್ವರದಲ್ಲಿಯೂ ಕೇಳುತ್ತದೆಯಷ್ಟೆ. ರೇಡಾರ್ ಯಂತ್ರವು ರೇಡಿಯೋ ಅಲೆಗಳನ್ನು ವಾಹನದತ್ತ ಕಳಿಸುತ್ತದೆ. ತಾಗಿ ಮರಳುವ ಅಲೆಯ ಆವೃತ್ತಿ ಎಷ್ಟು ಬದಲಾಗಿದೆ ಎಂಬುದರಿಂದ ವೇಗವನ್ನು ಲೆಕ್ಕ ಹಾಕುತ್ತದೆ. ಮಿತಿ ಮೀರಿದ್ದರೆ ಕ್ಯಾಮೆರಾ ಚಿತ್ರ ತೆಗೆಯುತ್ತದೆ, ಗಣಕವು ನೋಂದಣಿ ಫಲಕವನ್ನು ಓದುತ್ತದೆ, ಮಾಲೀಕನ ಮೊಬೈಲಿಗೆ ಸಂದೇಶ ಹೋಗುತ್ತದೆ. ಸ್ವಾರಸ್ಯವೆಂದರೆ, ಇಂಥ ಕ್ಯಾಮೆರಾಗಳ ಆದ್ಯರಲ್ಲೊಬ್ಬರಾದ ಹಾಲೆಂಡಿನ ಮಾರಿಸ್ ಗಾಟ್ಸೊನಿಡೀಸ್ 1953ರ ಮಾಂಟೆ ಕಾರ್ಲೊ ರ‍್ಯಾಲಿಯಲ್ಲಿ ಗೆದ್ದ ಕಾರ್ ಪಂದ್ಯಪಟು. ತಿರುವುಗಳಲ್ಲಿ ತಮ್ಮ ವೇಗವನ್ನು ಇನ್ನೂ ಹೆಚ್ಚಿಸಿಕೊಳ್ಳಲೆಂದೇ ಅವರು ಅಳತೆಯ ಯಂತ್ರವನ್ನು ರೂಪಿಸಿಕೊಂಡರು!

ಇನ್ನು "ದುಡ್ಡು ಮಾಡೋ ದಾರಿ" ಎಂಬ ಆಕ್ಷೇಪಕ್ಕೆ ಬರೋಣ. ಮಿತಿ ಮೀರಿದ ಇಪ್ಪತ್ತಾರು ಕಿಲೋಮೀಟರು ಅಷ್ಟು ದೊಡ್ಡ ಅಪರಾಧವೆ? ಗಂಟೆಗೆ 100 ಕಿ.ಮೀ. ಎಂದರೆ ಸೆಕೆಂಡಿಗೆ ಸುಮಾರು 28 ಮೀಟರು. ಅಪಾಯವನ್ನು ಕಂಡು ಬ್ರೇಕು ಒತ್ತಲು ಒಂದು ಸೆಕೆಂಡು ಬೇಕೆಂದಿಟ್ಟುಕೊಳ್ಳಿ. ಒಣ ರಸ್ತೆಯಲ್ಲಿ, ಒಳ್ಳೆಯ ಬ್ರೇಕಿದ್ದರೆ, ಕಾರು ನಿಲ್ಲುವಷ್ಟರಲ್ಲಿ ಸುಮಾರು 83 ಮೀಟರು ಸಾಗಿರುತ್ತದೆ. ಅದೇ ಕಾರು 126ರ ವೇಗದಲ್ಲಿದ್ದರೆ ನಿಲ್ಲಲು 120 ಮೀಟರಿಗೂ ಹೆಚ್ಚು ಬೇಕು. ಅಷ್ಟೇ ಅಲ್ಲ, ಮೊದಲ ಕಾರು ನಿಶ್ಚಲವಾಗಿ ನಿಂತ ಜಾಗವನ್ನು ಎರಡನೆಯದು ಗಂಟೆಗೆ ಸುಮಾರು 85 ಕಿ.ಮೀ. ವೇಗದಲ್ಲಿ ದಾಟುತ್ತಿರುತ್ತದೆ. ಅಲ್ಲಿ ಒಂದು ಮಗು ನಿಂತಿದ್ದರೆ? ಚಲನಶಕ್ತಿಯು ವೇಗದ ವರ್ಗಕ್ಕೆ ಅನುಗುಣವಾಗಿ ಹೆಚ್ಚುತ್ತದೆಂದು ಕರಿಹಲಗೆಯ ಮೇಲೆ ಎಷ್ಟು ಸಲ ಬರೆದೆನೋ! ಲಾಭವಾದರೂ ಎಷ್ಟು? ಸುಮಾರು 119 ಕಿ.ಮೀ. ಉದ್ದದ ಆ ಹೆದ್ದಾರಿಯುದ್ದಕ್ಕೂ ಅದೇ ವೇಗದಲ್ಲಿ ಹೋದರೂ ಉಳಿಯುವುದು ಸುಮಾರು ಹದಿನೈದು ನಿಮಿಷ. ನನ್ನ ಕನ್ನಡಕ ಹುಡುಕಿದ ಹೊತ್ತು ಅದು.

ಕಾನೂನು ಒಗಟಾಗಿಯೇನೂ ಇಲ್ಲ. ಮೋಟಾರು ವಾಹನ ಕಾಯಿದೆಯ 183ನೆಯ ಕಲಮಿನಂತೆ, 2019ರ ತಿದ್ದುಪಡಿಯ ಬಳಿಕ, ಲಘು ವಾಹನದ ಅತಿವೇಗಕ್ಕೆ ಸಾವಿರದಿಂದ ಎರಡು ಸಾವಿರ ರೂಪಾಯಿ ದಂಡ. 130 ಮೀರಿದರೆ ಎಫ್‌ಐಆರ್ ದಾಖಲಿಸುವುದಾಗಿ ರಾಜ್ಯದ ಪೊಲೀಸರು 2024ರ ಆಗಸ್ಟ್ 1ರಿಂದ ಕ್ರಮ ಕೈಗೊಂಡರು. ನಮ್ಮ ಹುಡುಗ ನಾಲ್ಕೇ ಕಿಲೋಮೀಟರಿನಿಂದ ಪಾರಾದ! ಚಾಲಕರಿಗೂ ಹಕ್ಕುಗಳಿವೆ. 2021ರಲ್ಲಿ ಬಂದ 167ಎ ನಿಯಮದಂತೆ ಯಂತ್ರಕ್ಕೆ ಅನುಮೋದನೆಯ ಪ್ರಮಾಣಪತ್ರವಿರಬೇಕು; ಇಲ್ಲಿ ನಿಗಾ ಇದೆ ಎಂಬ ಫಲಕ ಎದ್ದು ಕಾಣುವಂತಿರಬೇಕು; ನೋಟೀಸಿನಲ್ಲಿ ಚಿತ್ರ, ಅಳತೆ, ದಿನಾಂಕ, ಸಮಯ, ಸ್ಥಳಗಳಿರಬೇಕು. ಇವು ಇಲ್ಲದಿದ್ದರೆ ಪ್ರಶ್ನಿಸುವುದು ನ್ಯಾಯವೇ. ಎಲ್ಲವೂ ಇದ್ದಾಗ ಗೊಣಗುವುದು ನ್ಯಾಯವಲ್ಲ.

ನನ್ನ ಆಕ್ಷೇಪಗಳು ಬೇರೆ, ಅವು ಎರಡು. ಮೊದಲನೆಯದು ನಮ್ಮ ಮೇಲೆಯೇ. ಕ್ಯಾಮೆರಾ ಕಂಡೊಡನೆ ವೇಗ ತಗ್ಗಿಸಿ, ದಾಟಿದೊಡನೆ ಮತ್ತೆ ಏರಿಸುವವರನ್ನು ಆ ಹೆದ್ದಾರಿಯಲ್ಲಿ ಬೇಕಾದಷ್ಟು ಕಂಡಿದ್ದೇನೆ. ಕೊಠಡಿ ಮೇಲ್ವಿಚಾರಕರು ಬಾಗಿಲಿನಾಚೆ ಹೋದೊಡನೆ ಪಕ್ಕದವನ ಉತ್ತರಪತ್ರಿಕೆಗೆ ಇಣುಕುವ ಹುಡುಗನ ಬುದ್ಧಿಯಿದು. ಇದಕ್ಕೆ ಸರಾಸರಿ ವೇಗವನ್ನು ಅಳೆಯುವುದೇ ತಕ್ಕ ಮದ್ದು: ಹತ್ತು ಕಿಲೋಮೀಟರು ಅಂತರದಲ್ಲಿ ಎರಡು ಕ್ಯಾಮೆರಾ ಇಟ್ಟು, ಆರು ನಿಮಿಷಕ್ಕಿಂತ ಮೊದಲು ತಲುಪಿದವನು ನೂರನ್ನು ಮೀರಿದನೆಂದು ತಿಳಿಯುವುದು. ಐದನೆಯ ತರಗತಿಯ ಭಾಗಾಕಾರ ಇದಕ್ಕೆ ಸಾಕು.

ಎರಡನೆಯದು ಸರ್ಕಾರದ ಮೇಲೆ. 2023ರ ಫೆಬ್ರವರಿಯಲ್ಲಿಯೂ, ಮತ್ತೆ 2025ರ ಆಗಸ್ಟ್-ಸೆಪ್ಟೆಂಬರಿನಲ್ಲಿಯೂ ಬಾಕಿ ಉಳಿದ ಸಂಚಾರ ದಂಡಕ್ಕೆ ಶೇ. 50ರಷ್ಟು ರಿಯಾಯಿತಿ ಕೊಟ್ಟರು. ಬಾಕಿ ವಸೂಲಾಯಿತು, ನಿಜ. ಆದರೆ ಸಕಾಲದಲ್ಲಿ ಪೂರ್ತಿ ದಂಡ ಕಟ್ಟಿದವನು ದಡ್ಡನಾದ, ಕಟ್ಟದೆ ಕಾದವನು ಜಾಣನಾದ. ಮನೆಗೆಲಸ ತರದವನಿಗೆ ಅರ್ಧ ಅಂಕ ಕೊಟ್ಟರೆ ನಾಳೆ ಯಾರು ತಂದಾರು? ದಂಡವು ಆಷಾಢದ ಬಟ್ಟೆಯಂಗಡಿಯ ಸರಕಲ್ಲ. ಇಂಥ ರಿಯಾಯಿತಿಯೇ "ದುಡ್ಡು ಮಾಡೋ ದಾರಿ" ಎಂಬ ಮಾತಿಗೆ ಬಲ ಕೊಡುತ್ತದೆ.

ತಂಗಿಯ ಮಗನೂ ಮುಂದಿನ ರಿಯಾಯಿತಿಗೆ ಕಾಯುವ ಯೋಚನೆಯಲ್ಲಿದ್ದ. ಕಾಯಬೇಡವೆಂದು ಹೇಳಿ, ಐನೂರು ರೂಪಾಯಿ ಕಳಿಸಿದೆ. "ನಿಮ್ಮಿಂದ ಯಾಕೆ ಮಾವ?" ಎಂದ. "ಪಕ್ಕದಲ್ಲಿ ಸುಮ್ಮನೆ ಕೂತಿದ್ದಕ್ಕಪ್ಪ" ಎಂದೆ. ಕ್ಯಾಮೆರಾ ಚಾಲಕನಿಗಷ್ಟೇ ದಂಡ ಹಾಕಬಲ್ಲದು. ಆದರೆ ಕ್ಯಾಮೆರಾ ಇಲ್ಲದ ಹತ್ತಾರು ಕಿಲೋಮೀಟರುಗಳಲ್ಲಿ "ಸ್ವಲ್ಪ ನಿಧಾನ" ಎನ್ನಬಲ್ಲವರು ಪಕ್ಕದಲ್ಲಿ ಕುಳಿತ ನಾವು. ಅಪ್ಪ, ಅಮ್ಮ, ಅತ್ತೆ, ಮಾವ ಯಾರೇ ಆಗಲಿ, ಬೇಸರವಾದೀತೆಂದು ಸುಮ್ಮನಿರಬೇಡಿ. ಹಾಗೆಯೇ ಕನ್ನಡಕವನ್ನು ಹಿಂದಿನ ರಾತ್ರಿಯೇ ಎತ್ತಿಟ್ಟುಕೊಳ್ಳಿ.